ಎರಡು ಗ್ಯಾರೇಜು, ಒಂದು ದೋಣಿ

ಬುಧವಾರ ಬೆಳಿಗ್ಗೆ ಕೂಸು ಮಲಗಿತೆಂದರೆ ಅಕ್ಕು ಕಾರ್ಡ್‌ಲೆಸ್ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಗ್ಯಾರೇಜಿಗೆ ಇಳಿಯುತ್ತಿದ್ದಳು. ಮೆಲ್ಬರ್ನಿನ ಬಾಕ್ಸ್ ಹಿಲ್‌ನ ಆ ಮನೆ ಮಗಳು ನವ್ಯಾಳದ್ದು. ಮಗಳೂ ಅಳಿಯ ತುಷಾರನೂ ಒಂದೊಂದು ಕಾರು ತೆಗೆದುಕೊಂಡು ಕೆಲಸಕ್ಕೆ ಹೋದ ಮೇಲೆ ಗ್ಯಾರೇಜಿನ ಸಿಮೆಂಟು ನೆಲ ಖಾಲಿ. ಮೊಮ್ಮಕ್ಕಳ ಬಣ್ಣದ ಚಾಕ್‌ಪೀಸಿನಲ್ಲಿ ಅಕ್ಕು ಅಲ್ಲಿ ಒಂದು ದೋಣಿ ಬರೆದಿದ್ದಳು. ದೋಣಿ ಗ್ಯಾರೇಜಿಗಿಂತ ಉದ್ದ. ಆದ್ದರಿಂದ ಅದನ್ನು ನಡುವಿಗೆ ಮುರಿದು, ಅಡುಗೆಯ ಕಡೆಯ ಅರ್ಧವನ್ನು ಒಂದು ಕಾರು ನಿಲ್ಲುವಲ್ಲಿ, ಮಲಗುವ ಕಡೆಯ ಅರ್ಧವನ್ನು ಇನ್ನೊಂದು ಕಾರು ನಿಲ್ಲುವಲ್ಲಿ ಬರೆದಾಗಿತ್ತು. ವಾರವಿಡೀ ಟೈರು ಉಜ್ಜಿ ಗೆರೆ ಮಾಸುತ್ತಿತ್ತು. ಅಕ್ಕು ಬುಧವಾರ ಮತ್ತೆ ತಿದ್ದುತ್ತಿದ್ದಳು.

ಅದೇ ಹೊತ್ತಿಗೆ ಸಿಡ್ನಿಯ ಲಿವರ್‌ಪೂಲ್‌ನಲ್ಲಿ, ಮಗ ಮನೀಷನ ಮನೆಯ ಗ್ಯಾರೇಜಿನಲ್ಲಿ, ಅವಳ ಗಂಡ ಕೊರಗಪ್ಪ ಅದೇ ದೋಣಿಯನ್ನು ಅದೇ ಅಳತೆಗೆ ಬರೆದುಕೊಂಡು ಫೋನು ಹಿಡಿದು ನಿಂತಿರುತ್ತಿದ್ದ.

"ನಾನೀಗ ಹಿಂದಿನ ಬಾಗಿಲಿಂದ ಒಳಗೆ ಬಂದೆ," ಎನ್ನುತ್ತಿದ್ದಳು ಅಕ್ಕು. "ಎಡಗೈಗೆ ಒಲೆ. ನೀವೆಲ್ಲಿದ್ದೀರಿ?"

"ನಾನು ಬಾತ್‌ರೂಮಲ್ಲಿ."

"ಅಲ್ಲೇ ನಿಲ್ಲಿ. ನಾನು ತೆಂಗಿನಕಾಯಿ ಹೆರೀಲಿಕ್ಕೆ ಕೂರ್ತೇನೆ. ನಾನು ಕೂತಿರುವಾಗ ನಿಮಗೆ ದಾಟ್ಲಿಕ್ಕೆ ಆಗ್ತದಾ ನೋಡುವ."

ಅವಳು ನೆಲಕ್ಕೆ ಕೂತು, ಮೊಣಕಾಲಿನಿಂದ ಗೆರೆಯ ತನಕ ಎಷ್ಟು ಗೇಣು ಉಳಿಯಿತೆಂದು ಹೇಳುವುದು. ಅವನು ಅಲ್ಲಿ ಒಂದು ಬಕೆಟ್ಟನ್ನೇ ಹೆಂಡತಿಯೆಂದು ಇಟ್ಟುಕೊಂಡು ಪಕ್ಕದಲ್ಲಿ ದಾಟಿ ನೋಡುವುದು. ಅರವತ್ತರ ಹತ್ತಿರ ಬಂದವರು ಮಕ್ಕಳಾಟ ಆಡುತ್ತಿದ್ದಾರೆ ಎಂದು ಯಾರಾದರೂ ನಗಬಹುದು. ನಗುವವರು ಮೊದಲು ಇಷ್ಟು ತಿಳಿದುಕೊಂಡಿರಲಿ: ಈ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರದೆ ಒಂಬತ್ತು ವರ್ಷವಾಗಿತ್ತು.

ಜಗಳವೇನೂ ಆಗಿರಲಿಲ್ಲ. ಆದದ್ದು ಬಾಣಂತನ. ಮಗಳ ಬಾಣಂತನಕ್ಕೆ ತಾಯಿ ಹೋಗಬೇಕು, ಅದು ಮಲ್ಪೆಯಲ್ಲಿಯೂ ಸರಿ, ಮೆಲ್ಬರ್ನಿನಲ್ಲಿಯೂ ಸರಿ. ಮಲ್ಪೆಯಲ್ಲಿಯಾದರೆ ನಲವತ್ತು ದಿನ ಕಳೆದು ಸ್ನಾನ ಮಾಡಿಸಿದರೆ ತಾಯಿಗೆ ಬಿಡುಗಡೆ. ಈ ದೇಶದಲ್ಲಿ ಬಾಣಂತನಕ್ಕೆ ಕೊನೆಯೇ ಇಲ್ಲ. ಕೂಸಿಗೆ ಚೈಲ್ಡ್‌ಕೇರ್ ಸಿಗುವ ತನಕ ಇರು ಅಂದರು. ಸ್ಕೂಲಿಗೆ ಸೇರುವ ತನಕ ಇರು ಅಂದರು. ಅಷ್ಟರಲ್ಲಿ ಇನ್ನೊಂದು ಹುಟ್ಟಿತು, ಮತ್ತೆ ಮೂರನೆಯದು. "ಅಮ್ಮ ಅಕ್ಕನ ಪಾಲಿಗೆ ಹೋದರೆ ಅಪ್ಪ ನಮ್ಮ ಪಾಲಿಗೆ ಬರಲಿ" ಎಂದು ಸಿಡ್ನಿಯದೇ ಚಾಟ್ಸ್‌ವುಡ್‌ನಲ್ಲಿ ಐಟಿ ಕೆಲಸದಲ್ಲಿದ್ದ ಮನೀಷ್ ಹೇಳಿದ. ಅವನ ಹೆಂಡತಿ ನಿರೀಕ್ಷಾ ಆಸ್ಪತ್ರೆಯಲ್ಲಿ ನರ್ಸ್, ಶಿಫ್ಟ್ ಕೆಲಸ. ಅವರ ಇಬ್ಬರು ಮಕ್ಕಳನ್ನು ಸ್ಕೂಲಿಗೆ ಬಿಟ್ಟು ತರಲು ಜನ ಬೇಕಿತ್ತು. ಹೀಗೆ ತಂದೆ ತಾಯಿಯ ಪಾಲುಪಟ್ಟಿ ಆಯಿತು. ಪಾಲಾದದ್ದು ತಾವೇ ಎಂದು ಅಕ್ಕುವಿಗೆ ತಿಳಿಯುವಾಗ ಎರಡನೆಯ ಕೂಸಿಗೆ ಹಲ್ಲು ಬಂದಿತ್ತು.

ನವ್ಯಾಳ ಮನೆಯಲ್ಲಿ ಅಕ್ಕು ಮಲಗುತ್ತಿದ್ದುದು ಕೂಸಿನ ಕೋಣೆಯ ಸೋಫಾದಲ್ಲಿ. ರಾತ್ರಿ ಬಿಡಿಸಿದರೆ ಮಂಚ, ಬೆಳಿಗ್ಗೆ ಮಡಚಿದರೆ ಸೋಫಾ. ಒಂಬತ್ತು ವರ್ಷ ಮಡಚಿದಳು. ಅದಕ್ಕೂ ಮೊದಲು ಮಲ್ಪೆಯ ಅತ್ತೆಮನೆಯಲ್ಲಿ ನಾದಿನಿಯರ ಸಾಲಿನಲ್ಲಿ ಚಾವಡಿಯಲ್ಲಿ ಚಾಪೆ. ಬಾಗಿಲು ಹಾಕಿಕೊಂಡು ಮಲಗುವುದು ಹೇಗಿರುತ್ತದೆಂದು ಆ ಹೆಂಗಸಿಗೆ ಗೊತ್ತೇ ಇರಲಿಲ್ಲ. ಒಂದು ಸಲ ಧೈರ್ಯ ಮಾಡಿ, ನಾವಿಬ್ಬರೂ ಒಂದು ಸಣ್ಣ ಫ್ಲಾಟ್ ನೋಡಿಕೊಂಡರೆ ಹೇಗೆ ಎಂದು ಕೇಳಿದ್ದಳು. "ಎರಡೆರಡು ಮನೆ ಇರುವಾಗ ರೆಂಟ್ ಕೊಟ್ಟು ಬೇರೆ ಇರುದಾ? ಜನ ನಮ್ಮನ್ನು ಎಂತ ಹೇಳಿಯಾರು?" ಎಂದು ಮಗ ಮಗಳು ಒಂದೇ ಬಾಯಲ್ಲಿ ಹೇಳಿದರು. ಬೇರೆ ಯಾವ ವಿಷಯದಲ್ಲಿಯೂ ಅವರಿಗೆ ಅಷ್ಟು ಒಗ್ಗಟ್ಟು ಬಂದದ್ದಿಲ್ಲ.

ದೋಣಿ ಸಿಕ್ಕಿದ್ದು ಕೊರಗಪ್ಪನ ಕೈಗುಣದಿಂದ. ಮಲ್ಪೆ ಬಂದರಿನಲ್ಲಿ ಟ್ರಾಲರ್‌ಗಳ ಡೀಸೆಲ್ ಎಂಜಿನ್ ರಿಪೇರಿ ಮಾಡಿಕೊಂಡಿದ್ದವನು ಅವನು. ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಟ್ಟ ಮೇಲೆ ಮನೆಯಲ್ಲಿ ಕೂರಲಾಗದೆ ನದಿ ದಡದ ಬೋಟ್ ಯಾರ್ಡಿಗೆ ಹೋಗುವ ಅಭ್ಯಾಸವಾಗಿತ್ತು. ಅಲ್ಲೊಬ್ಬ ಮುದುಕ ಇಂಗ್ಲೆಂಡಿನವನು ತನ್ನ ಊರಿನ ಕಾಲುವೆಗಳಲ್ಲಿ ಓಡುವಂಥ ನ್ಯಾರೋಬೋಟನ್ನು ಇಲ್ಲಿ ತಾನೇ ಕಟ್ಟಲು ಹೊರಟು, ದೋಣಿಯ ಉಕ್ಕಿನ ಮೈ ಮುಗಿಯುವಷ್ಟರಲ್ಲಿ ತಾನೇ ಮುಗಿಯುತ್ತ ಬಂದಿದ್ದ. ರೈಲು ಬೋಗಿಯ ಹಾಗೆ ಉದ್ದ. ಅಗಲ ಮಾತ್ರ ಒಬ್ಬ ಮನುಷ್ಯ ಅಡ್ಡ ಮಲಗಿದರೆ ಮುಗಿಯಿತು. ಒಳಗೆ ಒಂದು ಹಲಗೆಯೂ ಇಲ್ಲ. ಕೊರಗಪ್ಪ ಅವನಿಗೆ ಎಂಜಿನ್ ಕೂರಿಸಿ ಕೊಟ್ಟ. ಮುದುಕ ನರ್ಸಿಂಗ್ ಹೋಮಿಗೆ ಹೋಗುವಾಗ, ದೋಣಿಯನ್ನೂ ಅದನ್ನು ಜೆಟ್ಟಿಗೆ ಕಟ್ಟಿಕೊಂಡು ವಾಸ ಮಾಡುವ ಪರವಾನಗಿಯನ್ನೂ ಇವನಿಗೇ ಬಿಟ್ಟುಕೊಟ್ಟ. ಅಪ್ಪನಿಗೊಂದು ಹಾಬಿ ಸಿಕ್ಕಿತೆಂದು ಮಕ್ಕಳು ಖುಷಿಪಟ್ಟರು. ಹಾಬಿಗೆ ಜನ ಏನೂ ಹೇಳುವುದಿಲ್ಲವಲ್ಲ.

"ಒಳಗೆ ಎಂತೆಂತ ಎಲ್ಲೆಲ್ಲಿ ಬೇಕು, ನೀನೇ ಹೇಳು," ಎಂದ ಕೊರಗಪ್ಪ ಫೋನಿನಲ್ಲಿ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಂದಿನಿಂದ ಬುಧವಾರಗಳು ಶುರುವಾದವು.

ಅಡುಗೆ ಜಾಗ ಹಿಂದಿನ ಬಾಗಿಲಿಗೆ ತಾಗಿಯೇ ಇರಬೇಕೆಂದು ಅವಳ ಹಟ. ಬಂಗುಡೆ ಹುರಿದ ವಾಸನೆ ನೇರ ಹೊಳೆಗೆ ಹೋಗಬೇಕು. ನವ್ಯಾಳ ಮನೆಯಲ್ಲಿ ಮೀನು ಹುರಿದರೆ ಪರ್ದೆಗೆ ವಾಸನೆ ಹಿಡಿಯುತ್ತದೆಂದು ಗದರಿಕೆ. ವಾಸ್ತು ನೋಡಿದ್ದೀರಾ, ಒಲೆ ಅಗ್ನಿಮೂಲೆಯಲ್ಲಿ ಇರಬೇಕಲ್ವಾ ಎಂದು ತುಷಾರ್ ಒಮ್ಮೆ ತಮಾಷೆ ಮಾಡಿದ. "ದೋಣಿ ತಿರುಗಿದರೆ ಅಗ್ನಿಮೂಲೆಯೂ ತಿರುಗ್ತದೆ, ನಾನು ಒಲೆ ಹಿಡ್ಕೊಂಡು ಅದರ ಹಿಂದೆ ಓಡ್ಬೇಕಾ?" ಎಂದಳು. ನೀರಿನ ಟ್ಯಾಂಕು ಮುಂದಿನ ತುದಿಯಲ್ಲಿ ಬಂತು. ಎಡಕ್ಕೆ ಬ್ಯಾಟರಿಗಳ ಭಾರ ಬಿದ್ದದ್ದರಿಂದ ಅಕ್ಕಿ ಡಬ್ಬ, ಗ್ರೈಂಡರು ಬಲಕ್ಕೆ ಬಂದವು. ಇಲ್ಲದಿದ್ದರೆ ದೋಣಿ ಒಂದು ಕಡೆ ವಾಲುತ್ತದಂತೆ. ಸೀರೆ ಒಣಗಲು ಸೂರಿನಡಿ ಉದ್ದಕ್ಕೆ ಒಂದು ಸರಳು. ಮೆಟ್ಟಿಲಿನೊಳಗೆ ಈರುಳ್ಳಿ. ಅವಳು ಹೇಳಿದ್ದಕ್ಕೆಲ್ಲ ಅವನು ಹೂಂ ಎನ್ನುತ್ತಿದ್ದ, ಆಗದಿದ್ದರೆ ಆಗುವುದಿಲ್ಲವೆನ್ನುತ್ತಿದ್ದ. ಹಿಂದಿನಿಂದ ಮುಂದಕ್ಕೆ ಲೆಕ್ಕ ಹೀಗೆ ನಿಂತಿತು: ಅಡುಗೆ, ಆಮೇಲೆ ಕೂರುವ ಜಾಗ, ಆಮೇಲೆ ಬಾತ್‌ರೂಮು, ಕೊನೆಗೆ ಮುಂದಿನ ತುದಿಯಲ್ಲಿ ಬಾಗಿಲಿರುವ ಮಲಗುವ ಕೋಣೆ.

ಕೂರುವ ಜಾಗಕ್ಕೆ ಬಂದಾಗ ಮಾತ್ರ ಎಳೆದಾಟವಾಯಿತು.

"ಅಲ್ಲಿ ಮೇಜಿನ ಆಚೆ ಈಚೆ ಬೆಂಚು ಮಾಡುವ," ಎಂದ ಕೊರಗಪ್ಪ. "ರಾತ್ರಿ ಮೇಜನ್ನು ಕೆಳಗೆ ಇಳಿಸಿದರೆ ಮಂಚ ಆಗ್ತದೆ. ಬೋಟಲ್ಲಿ ಎಲ್ಲರೂ ಹಾಗೇ ಮಾಡುದು."

"ಮಡಚುವ ಮಂಚ ನನಗೆ ಬೇಡ."

"ನಮಗಲ್ಲ ಮಾರಾಯ್ತಿ. ಯಾರಾದರೂ ಬಂದರೆ."

"ಬಂದವರು ಕೂತು ಚಾ ಕುಡಿದು ಹೋಗಲಿ."

"ಮಕ್ಕಳು ಬಂದರೆ?"

ಅಕ್ಕು, ಮೇಲೆ ಕೂಸು ಎದ್ದಿಲ್ಲವೆಂದು ಕಿವಿಗೊಟ್ಟು ಕೇಳಿ ಆಮೇಲೆ ಮಾತಾಡಿದಳು.

"ಮಕ್ಕಳೂ ಚಾ ಕುಡಿದು ಹೋಗಲಿ. ನೋಡಿ, ನಾನು ಕೇಳುದು ಇದೊಂದೇ. ಒಂದು ಮಂಚ, ಎರಡು ಕುರ್ಚಿ. ಮಂಚ ಮುಂದಿನ ತುದಿಯಲ್ಲಿ, ಬಾಗಿಲು ಹಾಕಿದರೆ ಯಾರೂ ದಾಟಿ ಹೋಗ್ಲಿಕ್ಕಿಲ್ಲದ ಕಡೆ. ಮೂರನೆಯವರು ಮಲಗ್ಲಿಕ್ಕೆ ಅಂತ ಒಂದು ಹಲಗೆ ಕೂಡ ಬೇಡ. ಜಾಗ ಉಂಟು ಅಂತ ಗೊತ್ತಾದರೆ ಸಾಕು, ತಂದು ತುಂಬಿಸ್ತಾರೆ. ಒಲೆ ಬೇಕಾದರೆ ಎಲ್ಲಿಯಾದರೂ ಇಡಿ. ಇದೊಂದು ಮಾತ್ರ ನಾನು ಹೇಳಿದ ಹಾಗೆ ಆಗ್ಬೇಕು."

ಮೊಮ್ಮಕ್ಕಳ ಮೇಲೆ ಅವಳಿಗೆ ಪ್ರೀತಿಯಿರಲಿಲ್ಲವೆಂದು ಯಾರೂ ತಿಳಿಯಬಾರದು. ಮೂರಕ್ಕೂ ಎಣ್ಣೆ ತಿಕ್ಕಿದ್ದು ಅವಳು, ಮೂರಕ್ಕೂ ಜ್ವರದಲ್ಲಿ ನಿದ್ದೆಗೆಟ್ಟದ್ದು ಅವಳು. ಸಾಕಾಗಿತ್ತು, ಅಷ್ಟೇ. ಅಜ್ಜಿಯ ಬಾಯಿಂದ ಸಾಕು ಎನ್ನುವ ಮಾತು ಕೇಳಲು ಲೋಕದಲ್ಲಿ ಯಾರಿಗೂ ಇಷ್ಟವಿಲ್ಲ. ಅಜ್ಜಿಯೆಂದರೆ ಸೋರದ ಕೊಡವೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ.

"ಆಯ್ತು," ಎಂದ ಕೊರಗಪ್ಪ. "ಒಂದು ಮಂಚ, ಎರಡು ಕುರ್ಚಿ. ನಾನು ಹೇಳಿ ಯಾವಾಗ ತಪ್ಪಿದ್ದೇನೆ?"

ತಪ್ಪಿದ್ದನ್ನು ನೆನಪಿಸಲು ಹೋದರೆ ಬುಧವಾರ ಸಾಲುವುದಿಲ್ಲ. ಆದರೂ ಅವಳಿಗೆ ನಂಬುವ ಆಸೆಯಾಯಿತು. ಮುಂದಿನ ಬುಧವಾರ ಅವಳು ಚಾಕ್‌ಪೀಸಿನ ಅಡುಗೆಮನೆ ದಾಟಿ, ಎರಡನೆಯ ಕಾರಿನ ಜಾಗಕ್ಕೆ ಹೆಜ್ಜೆ ಹಾಕಿ, ಗೆರೆಯ ಬಾಗಿಲನ್ನು ಗಾಳಿಯಲ್ಲಿ ಎಳೆದು ಹಾಕಿ, ಗೆರೆಯ ಮಂಚದ ಮೇಲೆ ಕೂತಳು.

"ಬಾಗಿಲು ಹಾಕಿ ಕೂತೆ," ಎಂದಳು.

"ನಾನೂ ಬಂದು ಕೂತೆ," ಎಂದ ಅವನು.

ಇಬ್ಬರೂ ಏನೂ ಮಾತಾಡದೆ ತುಂಬ ಹೊತ್ತು ಕೂತರು. ಸಿಮೆಂಟು ತಣ್ಣಗಿತ್ತು, ಅವಳ ಸೊಂಟ ಹಿಡಿದುಕೊಂಡಿತು. ಅಂಥ ಸುಖ ಅವಳಿಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ. ಅಂದಿನಿಂದ ಪ್ರತಿ ಬುಧವಾರ ಕೊನೆಗೆ ಹಾಗೆ ಕೂತೇ ಫೋನಿಡುವ ರೂಢಿಯಾಯಿತು. ಬೇಸಿಗೆ ಕಳೆದು ಚಳಿ ಬೀಳುವ ತನಕವೂ ನಡೆಯಿತು.

ಮಗಳಿಗೆ ಹೇಳುವುದೇ ದೊಡ್ಡ ಕೆಲಸವಾಗಿತ್ತು. ನವ್ಯಾ ಅಷ್ಟು ದಿನವೂ ಆ ಗೆರೆಗಳನ್ನು ಮಕ್ಕಳು ಬರೆದದ್ದೆಂದೇ ತಿಳಿದಿದ್ದಳು.

"ಕೂಸಿಗೆ ಎರಡು ವರ್ಷ ಆಗಿಲ್ಲಮ್ಮ. ಚೈಲ್ಡ್‌ಕೇರ್‌ನಲ್ಲಿ ವೇಟಿಂಗ್ ಲಿಸ್ಟ್ ಉಂಟು ಅಂತ ನಿನಗೆ ಗೊತ್ತಲ್ವಾ? ಇನ್ನೊಂದು ವರ್ಷ ನೋಡು."

"ಹೋದ ವರ್ಷವೂ ಇದನ್ನೇ ಹೇಳಿದ್ದಿ."

"ಬೋಟಲ್ಲಿ ಹೋಗಿ ಎಂತ ಮಾಡ್ತಿ? ಇಲ್ಲಿ ನಿನಗೆ ಎಂತ ಕಮ್ಮಿ ಆಗಿದೆ?"

ಇಂಥ ಪ್ರಶ್ನೆಗೆ ಉತ್ತರ ಹೇಳಿದರೆ ಜಗಳ, ಹೇಳದಿದ್ದರೆ ಸುಳ್ಳು. ಅಕ್ಕು ಬೇಳೆ ತೊಳೆಯುತ್ತ, "ನಿನ್ನಪ್ಪನ ಒಟ್ಟಿಗೆ ಇರ್ಬೇಕು ಅಂತ ಕಾಣ್ತದೆ" ಎಂದಷ್ಟೇ ಹೇಳಿದಳು. ಮಗಳ ಎದುರು ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು. ಅಪ್ಪ ಅಮ್ಮ ಒಟ್ಟಿಗಿರುವುದು ನಾಚುವ ವಿಷಯವಾಯಿತು ನೋಡಿ. ನವ್ಯಾ ಎರಡು ದಿನ ಮುಖ ಊದಿಸಿಕೊಂಡು ತಿರುಗಿ, ಕೊನೆಗೆ ಎಲ್ಲಿಯೋ ಒಂದು ಚೈಲ್ಡ್‌ಕೇರ್ ಬುಕ್ ಮಾಡಿದಳು. ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ದೋಣಿಯ ಗೃಹಪ್ರವೇಶವೆಂದು ಗೊತ್ತಾಯಿತು. ಎಲ್ಲರೂ ಸಿಡ್ನಿಗೆ ಹೊರಟರು. ಅಕ್ಕುವಿನ ಸೂಟ್‌ಕೇಸಿನಲ್ಲಿ ಅವಳ ಬಟ್ಟೆಯೆಲ್ಲ ಇತ್ತು.

ನದಿಯ ಮೇಲೆ ಈ ದೇಶದ ಜೂನಿನ ಚಳಿಗಾಲದ ಬಿಸಿಲು ಬಿದ್ದಿತ್ತು. ಜೆಟ್ಟಿಯ ಪಕ್ಕ ಹಸಿರು ಬಣ್ಣದ ಉದ್ದ ದೋಣಿ, ಬಾಗಿಲಿಗೆ ಮಾವಿನೆಲೆ ಸಿಕ್ಕದೆ ಕಟ್ಟಿದ ನಿಂಬೆ ಎಲೆಯ ತೋರಣ. ಕೊರಗಪ್ಪ ಹೊಸ ಪಂಚೆ ಉಟ್ಟು, ಮೇಲೆ ಜಾಕೆಟ್ ಹಾಕಿಕೊಂಡು, ಮದುಮಗನ ಹಾಗೆ ನಿಂತಿದ್ದ. ಅವಳ ಕೈ ಹಿಡಿದು ಒಳಗೆ ಇಳಿಸಿದ.

ಅಡುಗೆ ಜಾಗ ಅವಳು ಬರೆದಂತೆಯೇ ಇತ್ತು. ಎಡಗೈಗೆ ಒಲೆ. ಬಲಕ್ಕೆ ಅಕ್ಕಿ ಡಬ್ಬ, ಗ್ರೈಂಡರು. ಕಿಟಕಿ ಅವಳ ಕಣ್ಣಿನ ಎತ್ತರಕ್ಕೇ ಇತ್ತು, ಬೇರೆಯವರ ಎತ್ತರಕ್ಕಲ್ಲ. ಮೆಟ್ಟಿಲಿನ ಹಲಗೆ ಎತ್ತಿದರೆ ಒಳಗೆ ಈರುಳ್ಳಿ. ಅಕ್ಕುವಿಗೆ ಕಣ್ಣು ತುಂಬಿತು. ಈ ಮನುಷ್ಯನನ್ನು ಇಷ್ಟು ವರ್ಷ ಸುಮ್ಮನೆ ಬೈದುಕೊಂಡೆನೆಂದು ಅನ್ನಿಸಿತು.

ಎರಡು ಹೆಜ್ಜೆ ಮುಂದೆ ಹೋದಳು. ಕುರ್ಚಿಗಳಿರಲಿಲ್ಲ. ಮೇಜು, ಅದರ ಆಚೆ ಈಚೆ ನೀಲಿ ಮೆತ್ತೆ ಹಾಕಿದ ಬೆಂಚು.

"ಕುರ್ಚಿ ಎಲ್ಲಿ?"

"ಇದು ಇನ್ನೂ ಅನುಕೂಲ ಉಂಟು, ನೋಡು." ಕೊರಗಪ್ಪ ಮೇಜಿನ ಕಾಲು ತೆಗೆದು, ಹಲಗೆ ಇಳಿಸಿ, ಮೆತ್ತೆಗಳನ್ನು ಸರಿಸಿ, ಒಂದು ನಿಮಿಷದಲ್ಲಿ ಮಂಚ ಮಾಡಿ ತೋರಿಸಿದ. ಮಾಡುವಾಗ ಅವಳ ಮುಖ ನೋಡಲಿಲ್ಲ.

ಮುಂದಿನ ಕೋಣೆಯ ಬಾಗಿಲ ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಅಕ್ಕು ಹೋಗಿ ಬಾಗಿಲು ತೆಗೆದಳು. ಅವಳ ಮಂಚ ಇರಬೇಕಾದಲ್ಲಿ ಆಚೆಗೆರಡು ಈಚೆಗೆರಡು, ಮೇಲೆ ಕೆಳಗೆ ಬಂಕ್‌ಗಳು. ಪ್ರತಿಯೊಂದಕ್ಕೂ ಒಂದೊಂದು ಪುಟ್ಟ ದೀಪ. ಮನೀಷನ ಮಗಳು ಆದ್ಯಾ ಮೇಲಿನದರಲ್ಲಿ ಬೋರಲು ಮಲಗಿ ಕಾಲು ಆಡಿಸುತ್ತಿದ್ದಳು.

"ದಿಸ್ ಒನ್ಸ್ ಮೈನ್, ಅಜ್ಜಿ. ಅಜ್ಜ ಪ್ರಾಮಿಸ್ಡ್," ಎಂದಳು.

"ನಮ್ಮ ಮಂಚ?" ಎಂದು ಅಕ್ಕು ತಿರುಗಿ ಗಂಡನನ್ನು ಕೇಳಿದಳು. ಗೊತ್ತಾಗಿತ್ತು, ಆದರೂ ಕೇಳಿದಳು.

"ಈಗ ತೋರಿಸಿದೆನಲ್ಲ, ಅದೇ. ಮಕ್ಕಳು ಬೇಗ ಮಲಗ್ತಾರೆ, ಅವರಿಗೆ ಬಾಗಿಲು ಬೇಕಲ್ವಾ. ನಾವು ಎಲ್ಲಿಯಾದರೂ ಆಗ್ತದೆ."

"ನಿರೀಕ್ಷಾಗೆ ನೈಟ್ ಶಿಫ್ಟ್ ಇರುವಾಗ ಮಕ್ಕಳು ಇಲ್ಲೇ ಸ್ಟೇ ಮಾಡ್ತಾರಮ್ಮ," ಎಂದ ಮನೀಷ್, ಹಿಂದಿನಿಂದ ವಿಡಿಯೋ ಕ್ಯಾಮೆರಾ ಹಿಡಿದು ಬರುತ್ತ. "ನಾವು ಕೇಳಿದ್ದಲ್ಲ, ಅಪ್ಪನದ್ದೇ ಐಡಿಯಾ."

"ಹಾಲಿಡೇಸಿಗೆ ನಮ್ಮವರನ್ನೂ ಕಳಿಸ್ಬಹುದು," ಎಂದಳು ನವ್ಯಾ. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು.

ಅಕ್ಕು ಅಡುಗೆ ಜಾಗಕ್ಕೆ ಬಂದಳು. ಕೊರಗಪ್ಪ ಹಿಂದೆಯೇ ಬಂದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನ ತಾಯಿಯೇ ಅವನನ್ನು ಬೈಯುತ್ತಿದ್ದದ್ದು ಅವಳಿಗೆ ನೆನಪಾಯಿತು. ಆಗ ಅವಳು ಗಂಡನ ಪರ ವಹಿಸಿದ್ದಳು.

"ಬಂಕ್ ಯಾವಾಗ ಮಾಡಿದ್ದು?"

"ಫೆಬ್ರವರಿಯಲ್ಲಿ."

"ಫೆಬ್ರವರಿ ಆದ ಮೇಲೂ ಬುಧವಾರ ಬುಧವಾರ ನಾನು ಬಾಗಿಲು ಹಾಕಿ ಮಂಚದಲ್ಲಿ ಕೂತೆ ಅಂತ ಹೇಳ್ತಾ ಇದ್ದೆ. ನಾನೂ ಕೂತೆ ಅಂತ ನೀವು ಹೇಳ್ತಾ ಇದ್ದದ್ದು. ಎಲ್ಲಿ ಕೂತದ್ದು?"

ಅವನು ಗ್ರೈಂಡರಿನ ವೈರು ಸರಿಮಾಡಲು ಬಗ್ಗಿದ.

"ಗ್ಯಾರೇಜಲ್ಲಿ ಗೆರೆ ಇತ್ತಾ?"

"ಇಲ್ಲ. ಜನವರಿಯಲ್ಲೇ ಮನೀಷ್ ನೆಲಕ್ಕೆ ಪೇಂಟ್ ಹೊಡೆಸಿದ."

"ಮತ್ತೆ ಕೂತೆ ಅಂದದ್ದು ಯಾಕೆ?"

"ನಿನಗೆ ಖುಷಿ ಆಗ್ತಿತ್ತಲ್ಲ," ಎಂದ ಕೊರಗಪ್ಪ.

ಅವನು ಅದನ್ನು ನಿಜವಾಗಿಯೂ ಉಪಕಾರವೆಂದೇ ತಿಳಿದಿದ್ದ. ತಣ್ಣನೆಯ ಸಿಮೆಂಟಿನ ಮೇಲೆ ಸೊಂಟ ನೋಯಿಸಿಕೊಂಡು ಅಕ್ಕು ಒಬ್ಬಳೇ ಕೂತಿದ್ದಳು. ಅವನು ಯಾವುದೋ ಗೋಡೆಗೆ ಒರಗಿ, ಸಣ್ಣ ಮಕ್ಕಳ ಆಟಕ್ಕೆ ಹೂಂ ಎನ್ನುವ ಹಾಗೆ ಹೂಂ ಎಂದಿದ್ದ.

"ನನಗೆ ಮಕ್ಕಳಿಲ್ಲದೆ ಆಗುದಿಲ್ಲ ಅಕ್ಕು," ಎಂದ ಅವನು ದನಿ ತಗ್ಗಿಸಿ. "ಒಂಬತ್ತು ವರ್ಷ ಅವರ ಒಟ್ಟಿಗೇ ಇದ್ದೆ. ನೀನೇ ಯೋಚನೆ ಮಾಡು, ನಾವು ಇಬ್ಬರೇ ಬೆಳಿಗ್ಗೆಯಿಂದ ರಾತ್ರಿ ತನಕ ಎಂತ ಮಾತಾಡುದು?"

ಅಲ್ಲಿಗೆ ಅವಳಿಗೆ ಪೂರ್ತಿ ತಿಳಿಯಿತು. ತಾನು ಕಳೆದ ಒಂಬತ್ತು ವರ್ಷವನ್ನೇ ಅವನೂ ಕಳೆದನೆಂದು ಅವಳು ಇಷ್ಟು ದಿನ ನಂಬಿದ್ದಳು. ಅವನಿಗೆ ಅದು ಒಳ್ಳೆಯ ಕಾಲವೇ ಆಗಿತ್ತು. ಅವನಿಗೆ ಬೇಕಾಗಿದ್ದದ್ದು ದೋಣಿ. ಅವಳು ಬೇಡವೆಂದಲ್ಲ, ಇದ್ದರೂ ಆಗುತ್ತಿತ್ತು.

"ಅತ್ತೆ, ಮುಹೂರ್ತ ದಾಟ್ತದೆ, ಹಾಲು ಇಡಿ," ಎಂದು ನಿರೀಕ್ಷಾ ಅರಿಸಿನ ಕುಂಕುಮ ಹಚ್ಚಿದ ಹೊಸ ಪಾತ್ರೆ ತಂದುಕೊಟ್ಟಳು.

ಎಲ್ಲರೂ ಆ ಇಕ್ಕಟ್ಟಿನಲ್ಲಿ ಬಂದು ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ಮನೀಷ್ ಕ್ಯಾಮೆರಾ ಎತ್ತಿ ಹಿಡಿದ. ಅಕ್ಕು ದೇವರಿಗೆ ಕೈ ಮುಗಿದು ಒಲೆ ಹಚ್ಚಿದಳು. ಹೊಸ ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿದರೆ ಮನೆ ತುಂಬಿರುತ್ತದೆ ಎನ್ನುತ್ತಾರೆ. ಹಾಲು ಬಿಸಿಯಾಯಿತು, ಅಂಚಿನಲ್ಲಿ ನೊರೆ ಕಟ್ಟಿತು, ಕೆನೆ ಸುಕ್ಕಾಗಿ ಮೇಲೇರತೊಡಗಿತು. ಮಕ್ಕಳು ಚಪ್ಪಾಳೆಗೆ ಕೈ ಎತ್ತಿದರು. ಪಾತ್ರೆಯ ಬಾಯಿಯ ತನಕ ಬಂದಾಗ ಅಕ್ಕು ಗ್ಯಾಸಿನ ಕಿವಿ ತಿರುಗಿಸಿ ಆರಿಸಿದಳು. ಹಾಲು ಹಾಗೆಯೇ ಕೆಳಗಿಳಿಯಿತು.

"ಅಮ್ಮ, ಉಕ್ಕಬೇಕಿತ್ತಲ್ಲ," ಎಂದ ಮನೀಷ್, ಕ್ಯಾಮೆರಾ ಇಳಿಸಿ.

"ಉಕ್ಕಿದರೆ ಒರೆಸುದು ಯಾರು?"

ಅವಳು ಸಕ್ಕರೆ ಹಾಕಿ ಕದಡಿ, ಲೋಟಗಳಿಗೆ ಹಾಲು ಬಗ್ಗಿಸಿ, ಮಕ್ಕಳಿಂದ ಹಿಡಿದು ಎಲ್ಲರ ಕೈಗೂ ಕೊಟ್ಟಳು. ಕೊನೆಯ ಲೋಟ ಕೊರಗಪ್ಪನ ಮುಂದಿಟ್ಟಳು. ಆಮೇಲೆ ಮಗಳ ಕಡೆ ತಿರುಗಿ, "ಸೋಮವಾರ ನಿಮ್ಮ ಒಟ್ಟಿಗೆ ನಾನೂ ಬರ್ತೇನೆ. ಟಿಕೆಟ್ ಉಂಟಾ ನೋಡು," ಎಂದಳು.

ನವ್ಯಾ ಯಾಕೆಂದು ಕೇಳಲಿಲ್ಲ. "ನೋಡ್ತೇನಮ್ಮ. ಚೈಲ್ಡ್‌ಕೇರ್‌ಗೆ ಮಂಗಳವಾರ ಫೋನ್ ಮಾಡಿ ಕ್ಯಾನ್ಸಲ್ ಮಾಡ್ತೇನೆ," ಎಂದು ಮೊಬೈಲ್ ಹಿಡಿದು ಜೆಟ್ಟಿಗೆ ಹತ್ತಿದಳು. ಸಿಗ್ನಲ್ ಅಲ್ಲಿಯೇ ಸಿಗುತ್ತಿದ್ದದ್ದು. ಉಳಿದವರೂ ಲೋಟ ಹಿಡಿದುಕೊಂಡು ಅವಳ ಹಿಂದೆ ಮೇಲೆ ಹೋದರು.

ಇಬ್ಬರೇ ಉಳಿದಾಗ ಕೊರಗಪ್ಪ ಹೇಳಿದ: "ಅಲ್ಲಿಗೆ ಹೋಗಿ ಎಂತ ಮಾಡ್ತಿ? ಅಲ್ಲಿಯೂ ಅದೇ ಮಕ್ಕಳು, ಅದೇ ಮಡಚುವ ಮಂಚ. ಇದು ನಿನ್ನ ಮನೆ."

ಅಕ್ಕು ಪಾತ್ರೆಯನ್ನು ತೊಳೆದು, ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

"ಎಲ್ಲ ಅದೇ," ಎಂದಳು. "ಆದರೆ ಅಲ್ಲಿ ಯಾರೂ ಅದನ್ನು ನನ್ನ ಮನೆ ಅಂತ ಹೇಳುದಿಲ್ಲ."